ಒಂದೇ ಕಡೆಗೆ ಮಡಿಚಿದ ಅಂಚು

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬೆಳಕು ಚೆನ್ನಾಗಿ ಬೀಳುವ ಜಾಗ ಒಂದೇ, ಬೀದಿ ಕಡೆಯ ಕಿಟಕಿಯ ಪಕ್ಕ. ಅಲ್ಲಿ ಅತ್ತೆ ಕೂರುತ್ತಿದ್ದಳು. ಮಾವನನ್ನು ಮದುವೆಯಾಗಿ ಬಂದಾಗ ಅವಳು ತಂದದ್ದು ಒಂದು ಟ್ರಂಕು, ಒಂದು ಕಪ್ಪು ಹೊಲಿಗೆ ಯಂತ್ರ. ಟ್ರಂಕು ಅಟ್ಟ ಸೇರಿತು. ಯಂತ್ರ ಕಿಟಕಿಯ ಹತ್ತಿರ ನಿಂತಿತು. ಆ ಮನೆಯಲ್ಲಿ ತನ್ನದು ಅಂತ ಅವಳು ಕೈಯಿಟ್ಟು ತೋರಿಸಬಹುದಾಗಿದ್ದದ್ದು ಆ ಮೂರಡಿ ಜಾಗ ಮಾತ್ರ.

ನನ್ನಮ್ಮ ಮಾವನ ತಂಗಿ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಎತ್ತಿಕೊಂಡು ಅಣ್ಣನ ಮನೆಗೆ ಬಂದವಳು. ಅತ್ತಿಗೆ ನಾದಿನಿ ಇಬ್ಬರೂ ಕೌದಿ ಹೊಲಿಯುತ್ತಿದ್ದರು. ತೀರಿಹೋದವರ ಬಟ್ಟೆಗಳನ್ನು ಜನ ಗಂಟು ಕಟ್ಟಿ ತಂದುಕೊಡುತ್ತಿದ್ದರು. ಅಮ್ಮ ಅದನ್ನು ಚೌಕ ಚೌಕವಾಗಿ ಕತ್ತರಿಸುವಳು, ಅತ್ತೆ ಸಾಲಾಗಿ ಜೋಡಿಸುವಳು. ಎರಡು ತುಂಡು ಹೊಲಿದಾಗ ಹಿಂದುಗಡೆ ಒಂದು ಅಂಚು ಉಳಿಯುತ್ತದೆ. ಅಮ್ಮ ಅದನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನ ಸಾಲಿನಲ್ಲಿ ಬಲಕ್ಕೆ ಮಡಿಚಿ ಇಸ್ತ್ರಿ ಹಾಕುವಳು. ಹಾಗೆ ಮಾಡಿದರೆ ಸಾಲುಗಳು ಕೂಡುವಲ್ಲಿ ಅಂಚುಗಳು ಅಕ್ಕಪಕ್ಕ ಮಲಗುತ್ತವೆ. ಎಲ್ಲವನ್ನೂ ಒಂದೇ ಕಡೆಗೆ ಮಡಿಚಿದರೆ ಒಂದರ ಮೇಲೊಂದು ಹತ್ತಿ ಗಂಟಾಗುತ್ತದೆ. ಅಂಥ ದಪ್ಪ ಜಾಗ ಅಪ್ಪಿತಪ್ಪಿ ಎದುರಾದರೆ ಅತ್ತೆ ಪೆಡಲು ತುಳಿಯುವುದನ್ನು ನಿಲ್ಲಿಸಿ ಬಲಗೈಯಲ್ಲಿ ಚಕ್ರ ತಿರುಗಿಸುವಳು. ಸೂಜಿ ತಡವುತ್ತಾ ಇಳಿದು, ತಡವುತ್ತಾ ಮೇಲೇಳುತ್ತಿತ್ತು.

ತುಳಿದೂ ತುಳಿದೂ ಅವಳ ಬಲಮಂಡಿ ಊದಿಕೊಂಡಿತು. ಎದ್ದರೆ ಗೋಡೆ ಹಿಡಿಯಬೇಕು. ಅಮ್ಮ ಯಾರಿಗೂ ಹೇಳದೆ ಪೇಟೆಗೆ ಹೋಗಿ ಕಂಪ್ಯೂಟರ್ ಹೊಲಿಗೆ ಯಂತ್ರವೊಂದನ್ನು ನೋಡಿ ಬಂದಳು. ಅಂಗಡಿಯವನು ಅದನ್ನು ಒಂದು ವಾರದ ಮಟ್ಟಿಗೆ ಮನೆಗೆ ಕಳಿಸಿದ. ಒಪ್ಪಿಗೆಯಾದರೆ ಇದು ಇಲ್ಲಿರಲಿ, ಹಳೆಯದು ಅಂಗಡಿಗೆ ಬರಲಿ ಅನ್ನುವುದು ಅವನ ಷರತ್ತು.

"ಗುಂಡಿ ಒತ್ತಿದರೆ ಸಾಕು ಅತ್ತಿಗೆ, ಕಾಲಿಗೆ ಕೆಲಸವೇ ಇಲ್ಲ," ಅಂದಳು ಅಮ್ಮ.

ಯಂತ್ರ ಪಿಂಯ್ ಅಂತ ಕೂಗಿ ಪರದೆಯಲ್ಲಿ ಏನೋ ತೋರಿಸಿತು.

"ಇದೇನು, ಮುಟ್ಟಿದ್ದಕ್ಕೆಲ್ಲಾ ಅಳುತ್ತೆ? ಇದನ್ನ ಹೊಲಿಗೆಗೆ ಕೂರಿಸೋದೋ, ತೊಟ್ಟಿಲಿಗೆ ಹಾಕೋದೋ?"

"ದಾರ ಹಾಕಿಲ್ಲ ಅಂತ ಹೇಳ್ತಿದೆ, ಅಷ್ಟೇ."

"ನನ್ನದು ಇಷ್ಟು ವರ್ಷದಲ್ಲಿ ಒಂದು ದಿನ ಬಾಯಿಬಿಟ್ಟಿಲ್ಲಮ್ಮ."

ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. "ಅದರ ಪಾಲಿನ ಮಾತೂ ಯಜಮಾನಿಯೇ ಆಡ್ತಾಳಲ್ಲ," ಅಂದ. ಆಮೇಲೆ ಪೇಪರು ಮಡಿಚಿ, "ಶನಿವಾರದ ತನಕ ನೋಡಿ. ಹೊಸದರಲ್ಲಿ ಒಂದು ಕೌದಿ ಮುಗಿದರೆ ಹಳೆಯದು ಹೊರಡಲಿ," ಅಂತ ತೀರ್ಮಾನ ಮಾಡಿದ. ಅತ್ತೆ ಯಾರನ್ನೂ ನೋಡಲಿಲ್ಲ. ಕಪ್ಪು ಯಂತ್ರದ ಮೇಲೆ ಇಲ್ಲದ ಧೂಳನ್ನು ಸೆರಗಿನಿಂದ ಒರೆಸಿದಳು.

ಆ ವಾರ ಕೈಯಲ್ಲಿದ್ದದ್ದು ಟಪಾಲಣ್ಣನ ಗಂಟು. ಬೀದಿಯವರೆಲ್ಲ ಆ ಅಂಚೆಯವನನ್ನು ಕರೆಯುತ್ತಿದ್ದದ್ದೇ ಹಾಗೆ. ಹೆಂಡತಿ ಹೋಗಿ ಮೂರು ತಿಂಗಳಾಗಿತ್ತು. ಗಂಟಿನಿಂದ ನೀಲಿ ರವಿಕೆಯ ಒಂದು ತೋಳನ್ನು ತಾನೇ ಬಿಡಿಸಿ ತೋರಿಸಿದ್ದ. "ಇದು ಮಾತ್ರ ನಡುವೆ ಬರಲಿ. ಮೇಜಿಗೆ ಮೊಣಕೈ ಊರಿ ಊರಿ ಸವೆಸಿದ್ದಾಳೆ ನೋಡಿ. ಇನ್ನೊಂದು ತೋಳು ಇಲಿ ಪಾಲಾಯ್ತು."

"ಇಸ್ತ್ರಿ ಈ ಸಲ ನಾನೇ ಹಾಕ್ತೀನಿ. ನೀನು ಆ ಯಂತ್ರದ ವಿದ್ಯೆ ಕಲಿತುಕೋ," ಅಂದಳು ಅತ್ತೆ. ಅಮ್ಮನಿಗೆ ಹಿಗ್ಗಾಯಿತು. ಅತ್ತಿಗೆಯ ಮನಸ್ಸು ಕರಗುತ್ತಿದೆ ಅಂದುಕೊಂಡಳು. ಸಾಲುಗಳನ್ನೆಲ್ಲ ಅತ್ತೆ ತನ್ನ ಯಂತ್ರದಲ್ಲೇ ಜೋಡಿಸಿ, ಅಡಿಗೆ ಹತ್ತಿಯ ಹಾಸು, ಅದರಡಿಗೆ ಅಸ್ತರು ಬಟ್ಟೆ ಇಟ್ಟು, ಕದಲದಂತೆ ಟಾಕು ಹಾಕಿ ಕೊಟ್ಟಳು. ಮೇಲಿನಿಂದ ಮೂರೂ ಪದರ ಸೇರಿಸಿ ಹೊಲಿಯುವುದು ಹೊಸ ಯಂತ್ರದ ಪಾಲಿಗೆ ಉಳಿಯಿತು.

ಶುಕ್ರವಾರ ಮಧ್ಯಾಹ್ನ ಅಮ್ಮ ನಡುಭಾಗಕ್ಕೆ ಬಂದಳು. ಯಂತ್ರ ಒಮ್ಮೆ ಕೂಗಿತು. ಅವಳು ಮತ್ತೆ ಗುಂಡಿ ಒತ್ತಿದಳು. ಟಕ್ ಅಂತ ಸೂಜಿ ಮುರಿಯಿತು. ದಾರ ಅಡಿಯಲ್ಲಿ ಸಿಕ್ಕಿ ಬಟ್ಟೆಯನ್ನು ಒಳಗೆಳೆದುಕೊಂಡಿತು. ಬಿಡಿಸುವಷ್ಟರಲ್ಲಿ ಸವೆದ ನೀಲಿ ತುಂಡು ಮೊಣಕೈ ಜಾಗದಲ್ಲೇ ಎರಡು ಬೆರಳು ಹೋಗುವಷ್ಟು ಹರಿದಿತ್ತು.

"ನೋಡಿದ್ರಾ?" ಅಂದಳು ಅತ್ತೆ. ಅವಳ ದನಿ ಬೇಕಾದದ್ದಕ್ಕಿಂತ ಬೇಗ ಬಂದಿತ್ತು. "ಕೈಗೆ ಗೊತ್ತಾಗೋದು ಪರದೆಗೆ ಗೊತ್ತಾಗುತ್ತಾ?"

"ಸತ್ತವಳ ಬಟ್ಟೆ ಹರಿದಿಟ್ಟೆಯಲ್ಲೇ," ಅಂತ ಮಾವ ತಂಗಿಯನ್ನೇ ಬೈದ. "ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?" ಅಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡಳು. ಮರುದಿನ ಅಂಗಡಿಯ ಗಾಡಿ ಬಂದು ಹೊಸದನ್ನು ಹೊತ್ತುಕೊಂಡು ಹೋಯಿತು. ಕಪ್ಪು ಯಂತ್ರ ಕಿಟಕಿಯ ಬಳಿಯೇ ಉಳಿಯಿತು.

ಹರಿದ ತುಂಡಿಗೆ ತೇಪೆ ಹಾಕಲು ಅಮ್ಮ ಭಾನುವಾರ ಕೌದಿಯ ನಡುಭಾಗ ಬಿಚ್ಚಿದಳು. ನಾನು ಪಕ್ಕದಲ್ಲೇ ಓದುತ್ತಾ ಕೂತಿದ್ದೆ. ಅವಳ ಕೈ ನಿಂತಿತು. ಬಟ್ಟೆಯನ್ನು ಮಗುಚಿದಳು, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಹೊರಗಿನ ಸಾಲುಗಳಲ್ಲಿ ಅಂಚು ಎಡಕ್ಕೊಂದು ಬಲಕ್ಕೊಂದು ಮಲಗಿತ್ತು. ನೀಲಿ ತುಂಡಿನ ಸುತ್ತ ಮಾತ್ರ ಎಲ್ಲವೂ ಒಂದೇ ಕಡೆಗೆ. ನಾಲ್ಕು ಮೂಲೆಯಲ್ಲಿ ನಾಲ್ಕು ಗಂಟು, ಮೇಲಿನಿಂದ ಕಾಣದ ಹಾಗೆ ಇಸ್ತ್ರಿಯಿಂದ ಒತ್ತಿ ಚಪ್ಪಟೆ ಮಾಡಿದ್ದು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಕೇಳಿದ್ದರೆ ನಾನೇ ವಾಪಸ್ ಕಳಿಸ್ತಿದ್ದೆ ಅತ್ತಿಗೆ," ಅಂದಳು ಅಮ್ಮ. "ಬೇಡ ಅಂತ ಒಂದು ಮಾತು ಸಾಕಿತ್ತು."

"ನನ್ನ ಮಾತು ಈ ಮನೆಯಲ್ಲಿ ಯಾರು ಕೇಳ್ತಾರೆ?"

"ನಾನು ಕೇಳ್ತಿದ್ದೆನಲ್ಲ."

ಅಮ್ಮ ಅಂಚುಗಳನ್ನು ಬಿಚ್ಚಿ, ತಿರುಗಿಸಿ, ಮತ್ತೆ ಇಸ್ತ್ರಿ ಹಾಕಿದಳು. ಮಾವನಿಗೆ ಹೇಳಲಿಲ್ಲ. ಟಪಾಲಣ್ಣ ಕೌದಿಯನ್ನು ಬೆಳಕಿಗೆ ಹಿಡಿದು ತೇಪೆಯ ಮೇಲೆ ಕೈಯಾಡಿಸಿದ. ಮಡಿಚಿಕೊಂಡು ಹೋದ.

ಮುಂದಿನ ತಿಂಗಳು ಅಮ್ಮ ಆ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದಳು, ಹೊಸ ಯಂತ್ರಗಳನ್ನು ನಡೆಸಿ ತೋರಿಸುವ ಕೆಲಸ. ಪಕ್ಕದ ಬೀದಿಯಲ್ಲಿ ನಮಗೊಂದು ಕೋಣೆ ಸಿಕ್ಕಿತು. ಕೌದಿಗೆ ಕೊಡುವವರ ಬಟ್ಟೆಗಂಟುಗಳು ಒಂದೊಂದಾಗಿ ಅಮ್ಮನ ಹಿಂದೆಯೇ ಬಂದವು. ಅತ್ತೆಯ ಹತ್ತಿರ ಹಳೆಯ ಕೆಲವರು ಉಳಿದರು.

ನಾನು ಕಾಲೇಜು ಮುಗಿಸುವ ಹೊತ್ತಿಗೆ ಅವಳ ಮಂಡಿ ಪೂರ್ತಿ ಕೈಕೊಟ್ಟಿತ್ತು. ಒಂದು ದಿನ ನಾವು ನೋಡಲು ಹೋದಾಗ ಅಮ್ಮನ ಕೈ ಹಿಡಿದು ಕೇಳಿದಳು. "ವಾರಕ್ಕೊಂದು ಸಲ ಬಂದು ತುಳಿದುಕೊಡ್ತೀಯಾ? ಬಟ್ಟೆ ನಾನು ಹಿಡೀತೀನಿ."

ಅಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ದನಿಯೂ ಏರಿಸಲಿಲ್ಲ. "ತುಳಿಯೋ ಅಭ್ಯಾಸ ತಪ್ಪಿಹೋಗಿದೆ ಅತ್ತಿಗೆ," ಅಂದಳು.

ನಾವು ಬೀದಿಗಿಳಿದ ಮೇಲೆ ಕಿಟಕಿಯಲ್ಲಿ ಅತ್ತೆ ಕಂಡಳು. ಎಡಗೈಯಲ್ಲಿ ಬಟ್ಟೆ ಹಿಡಿದು ಬಲಗೈಯಲ್ಲಿ ಚಕ್ರ ತಿರುಗಿಸುತ್ತಿದ್ದಳು. ಒಂದು ಹೊಲಿಗೆ, ಸ್ವಲ್ಪ ತಡೆದು ಇನ್ನೊಂದು. ಅಲ್ಲಿ ದಪ್ಪ ಜಾಗವೇನೂ ಇರಲಿಲ್ಲ. ಅದು ಎರಡೇ ತೆಳು ತುಂಡುಗಳ ನೇರ ಹೊಲಿಗೆ.