ಪೆನ್ನು ಕೆಳಗಿಡಿಸಿ ಹೇಳಿದ ಮಾತು

ವನಜಾ, ಅದನ್ನು ನಿನಗೆ ಕಲಿಸಿದವನು ನಾನೇ. ಏಳು ವರ್ಷಗಳ ಹಿಂದೆ ಕಾಲೇಜಿನ ಸಂಚಾಲಕರ ಕೋಣೆಯಲ್ಲಿ ನಾನು ಹೇಳಬೇಕಾಗಿದ್ದದ್ದು ಇಷ್ಟೇ, ಒಂದು ವಾಕ್ಯ. ಹೇಳಲಿಲ್ಲ. ಸುಮ್ಮನಿದ್ದೆ ಎಂದರೂ ಅದು ಸುಳ್ಳಾಗುತ್ತದೆ — ಅದರ ಜಾಗದಲ್ಲಿ ಬೇರೊಂದು ವಾಕ್ಯ ಇಟ್ಟೆ. ನಿನ್ನ ಕೆಲಸ ಹೋದದ್ದು ಆ ವಾಕ್ಯದಿಂದ.

ಇದನ್ನು ನಿನಗೊಬ್ಬಳಿಗೇ ಬರೆದರೆ ಸಾಲದು ಎಂದು ನೀನೇ ಹೇಳಿದ್ದೀಯ. ಹಾಗಾಗಿ ಓದುವ ಎಲ್ಲರಿಗೂ ಹೇಳುತ್ತೇನೆ. ನಾನು ಬಲ್ಮಠದ ಒಂದು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಪಾಠ ಮಾಡಿದವನು. ವನಜಾ ಅಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದಳು, ಎಂ.ಎ. ಮುಗಿಸಿ ಬಂದು ನನ್ನದೇ ವಿಭಾಗದಲ್ಲಿ ನಾಲ್ಕು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದಳು. ಅತಿಥಿ — ಒಳ್ಳೆಯ ಶಬ್ದ. ಏಪ್ರಿಲಿನಲ್ಲಿ ಕೆಲಸ ಮುಗಿಯುತ್ತದೆ, ಜೂನಿನಲ್ಲಿ ಮೇಲಿನವರು ತಲೆಯಾಡಿಸಿದರೆ ಮತ್ತೆ ಸಿಗುತ್ತದೆ. ಅವಳ ತಂದೆ ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಟ್ರಾಲ್ ಬೋಟುಗಳ ಬಲೆ ಎಳೆದು ದುಡಿದವರು. ಒಮ್ಮೆ ಬೋಟಿನ ಕೆಲಸಗಾರರ ಸಂಘ ಕಟ್ಟಲು ಹೋದದ್ದಕ್ಕೆ, ಆ ಮೀನುಗಾರಿಕೆಯ ಕಾಲವಿಡೀ ಯಾವ ಮಾಲಕರೂ ಅವರನ್ನು ಬೋಟಿಗೆ ಹತ್ತಿಸಿಕೊಳ್ಳಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ನಮ್ಮಲ್ಲಿ ಪಾಠ ಎಂದರೆ ನೋಟ್ಸ್. ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಬರೆದದ್ದು ಪರೀಕ್ಷೆಗೆ ಬರುತ್ತದೆ. ನನ್ನ ಮೇಷ್ಟ್ರು ನನಗೆ ಬರೆಸಿದ್ದನ್ನೇ ನಾನೂ ಬರೆಸುತ್ತಿದ್ದೆ: 'ನಾಝಿವಾದ ಎಂದರೆ ರಾಷ್ಟ್ರೀಯ ಸಮಾಜವಾದ. ಇದು ಸಮಾಜವಾದದ ಒಂದು ರೂಪ.' ಒಂದು ಅಂಕದ ಉತ್ತರ. ಪಕ್ಷದ ಹೆಸರಿನಲ್ಲೇ ಸಮಾಜವಾದ ಇದೆ, ಕಾರ್ಮಿಕರೂ ಇದ್ದಾರೆ; ಇನ್ನೇನು ಬೇಕು?

ಬರೆಸಿ ಮುಗಿದ ಮೇಲೆ ನಾನು 'ಪೆನ್ನು ಕೆಳಗಿಡಿ' ಎನ್ನುತ್ತಿದ್ದೆ. ಅದು ನನ್ನ ರೂಢಿ, ನನ್ನ ಹೆಮ್ಮೆ ಕೂಡ. ಆಮೇಲೆ ಹೇಳುವುದು ಪರೀಕ್ಷೆಗಲ್ಲ, ತಿಳುವಳಿಕೆಗೆ. ಹೆಸರನ್ನು ನಂಬಬೇಡಿ, ಕೆಲಸ ನೋಡಿ, ಎನ್ನುತ್ತಿದ್ದೆ. ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಅವರು ಕಾರ್ಮಿಕ ಸಂಘಗಳನ್ನು ಮುಚ್ಚಿದರು. ಮೊದಲು ಜೈಲು ಸೇರಿದವರಲ್ಲಿ ಸಮಾಜವಾದಿಗಳು, ಕಮ್ಯುನಿಸ್ಟರು ಇದ್ದರು. ಕಾರ್ಖಾನೆಗಳು ಹೆಚ್ಚಿನವು ಮಾಲಕರ ಕೈಯಲ್ಲೇ ಉಳಿದವು. ಮಾಲಕನನ್ನು ನಾಯಕ ಎಂದೂ ಕೆಲಸಗಾರರನ್ನು ಅನುಯಾಯಿಗಳೆಂದೂ ಕಾನೂನು ಕರೆಯಿತು. ಸರಕಾರ ಉದ್ಯಮಗಳ ಮೇಲೆ ಹಿಡಿತ ಸಾಧಿಸಿದ್ದು ನಿಜ, ಏನು ಎಷ್ಟು ತಯಾರಾಗಬೇಕೆಂದು ಹೇಳಿದ್ದೂ ನಿಜ. ಆದರೆ ಅದು ಯುದ್ಧಕ್ಕಾಗಿ. ದುಡಿಯುವವರ ಕೈಗೆ ಕೊಡಲಿಕ್ಕಲ್ಲ. ಪಕ್ಷದೊಳಗೆ ಆ ಹೆಸರನ್ನು ನಿಜವೆಂದು ನಂಬಿದ ಕೆಲವರಿದ್ದರು, ಅವರನ್ನೂ ಮುಗಿಸಿದರು. ಅವರ 'ಸಮಾಜ'ಕ್ಕೆ ರಕ್ತ ನೋಡಿ ಜನರನ್ನು ಸೇರಿಸುತ್ತಿದ್ದರು, ಸೇರದವರನ್ನು ಕೊಂದರು.

ಇಷ್ಟನ್ನು ಮಕ್ಕಳು ಕೈಕಟ್ಟಿ ಕೇಳುತ್ತಿದ್ದರು. ಯಾರ ಪುಸ್ತಕದಲ್ಲೂ ಒಂದಕ್ಷರ ಇರುತ್ತಿರಲಿಲ್ಲ.

ಒಂದು ವರ್ಷ ಎರಡನೆಯ ಬೆಂಚಿನಿಂದ ನೀನು ಎದ್ದು ನಿಂತೆ. "ಸರ್, ಬೋಟಿಗೆ 'ಶ್ರಮಶಕ್ತಿ' ಅಂತ ಹೆಸರಿಟ್ರೆ ಬೋಟು ಬಲೆ ಎಳೆಯುವವರದ್ದು ಆಗ್ತದಾ?" ತರಗತಿ ನಕ್ಕಿತು. ನಾನೂ ನಕ್ಕೆ. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲಿಕ್ಕೆ ಬರುವುದಿಲ್ಲ ಎಂದೆ. ಮುಂದಿನ ವರ್ಷದಿಂದ ಆ ಮಾತನ್ನು ನನ್ನದೆಂಬಂತೆ ಹೇಳತೊಡಗಿದೆ — ಪೆನ್ನು ಕೆಳಗಿಡಿಸಿ.

ನೀನು ಮಾಡಿದ ತಪ್ಪೆಂದರೆ, ನಮ್ಮಲ್ಲೇ ಉಪನ್ಯಾಸಕಿಯಾದ ಮೇಲೆ ಅದನ್ನೇ ಬರೆಸಿದ್ದು. ನೀನು ಪಾಠ ಮಾಡಿದ ತರಗತಿಯವರು ಕಿರುಪರೀಕ್ಷೆಯಲ್ಲಿ 'ನಾಝಿವಾದ ಸಮಾಜವಾದವಲ್ಲ' ಎಂದು ಬರೆದರು, ಕಾರಣ ಕೊಟ್ಟು ಬರೆದರು, ಕೆಲವರು ಬೋಟನ್ನೂ ಬರೆದರು. ಮಾದರಿ ಉತ್ತರ ತಯಾರಿಸಿದವನು ನಾನು. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದವನೂ ನಾನೇ. ಒಂದೊಂದು ಸೊನ್ನೆ ಹಾಕುವಾಗಲೂ ಉತ್ತರ ಸರಿ ಎಂದು ಗೊತ್ತಿತ್ತು — ಇಲ್ಲ, ಇದೂ ಸ್ವಲ್ಪ ಅಲಂಕಾರವಾಯಿತು. ಮೊದಲ ಕೆಲವು ಸೊನ್ನೆಗಳಿಗೆ ಗೊತ್ತಿತ್ತು. ಆಮೇಲೆ ಕೈ ತಾನಾಗಿ ನಡೆಯಿತು.

ಸೊನ್ನೆ ಬಿದ್ದದ್ದನ್ನು ಮಕ್ಕಳು ಮನೆಯಲ್ಲಿ ಹೇಳಿದರು. ದೂರು ಸಂಚಾಲಕರ ತನಕ ಹೋಯಿತು, ಅವರು ನಮ್ಮಿಬ್ಬರನ್ನೂ ಕರೆಸಿದರು. ಅವರಿಗೆ ಹೋಟೆಲು ಇದೆ, ದಕ್ಕೆಯಲ್ಲಿ ಬೋಟುಗಳಿವೆ. ನನ್ನ ತಾಯಿಯ ಕಡೆಯಿಂದ ಸಂಬಂಧ. ಆ ಜೂನಿನಲ್ಲಿ ಪ್ರಾಂಶುಪಾಲರ ಕುರ್ಚಿ ಖಾಲಿಯಾಗುವುದಿತ್ತು, ಅದು ನನಗೆ ಎಂದು ಮಾತಾಗಿತ್ತು.

ಆ ಕೋಣೆಯ ಅರ್ಧ ಗಂಟೆಯನ್ನು ನಾನು ಮೂರು ಸಲ ಬರೆದು ಹರಿದಿದ್ದೇನೆ. ಮೊದಲನೆಯದರಲ್ಲಿ ಸಂಚಾಲಕರು ಮೇಜು ಗುದ್ದಿ ಕೂಗುತ್ತಾರೆ. ಎರಡನೆಯದರಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬರುತ್ತದೆ. ಮೂರನೆಯದರಲ್ಲಿ ನೀನೇ ಕಣ್ಣಿನಲ್ಲಿ ಬೇಡ ಎನ್ನುತ್ತೀ. ಮೂರರಲ್ಲೂ ನಾನು ಇದ್ದದ್ದಕ್ಕಿಂತ ಸ್ವಲ್ಪ ಒಳ್ಳೆಯವನು. ನೆನಪು ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ, ಅದನ್ನು ನಂಬಲಿಕ್ಕಾಗುವುದಿಲ್ಲ. ಮಾತುಗಳನ್ನು ಮಾತ್ರ ಇಡುತ್ತೇನೆ. ಅವು ಬದಲಾಗಿಲ್ಲ ಎಂದುಕೊಂಡಿದ್ದೇನೆ.

ಯಾರೂ ಕೂಗಲಿಲ್ಲ. ತಟ್ಟೆಯಲ್ಲಿ ಬನ್ಸ್ ಇತ್ತು.

"ಕೂತ್ಕೊಳ್ಳಿ ಟೀಚರೇ. ತೆಕ್ಕೊಳ್ಳಿ, ಬಿಸಿ ಉಂಟು," ಎಂದರು ಸಂಚಾಲಕರು. "ಎಂತ ಮಾರಾಯ್ರೆ ಇದು? ಜರ್ಮನಿಯ ಪಾಠದಲ್ಲಿ ನನ್ನ ಬೋಟು ಎಂತಕ್ಕೆ ಬಂತು?"

"ನಿಮ್ಮ ಬೋಟು ಅಂತ ಹೇಳ್ಲಿಲ್ಲ ಸರ್. ಒಂದು ಬೋಟು ಅಂತ ಹೇಳಿದ್ದು."

"ದಕ್ಕೆಯಲ್ಲಿ ಆ ಹೆಸರಿನದ್ದು ನನ್ನದೊಂದೇ ಇರುವುದು."

"ಹಾಗಾದ್ರೆ ಹೆಸರಿಟ್ಟದ್ದು ನಾನಲ್ಲ ಸರ್."

ಅವರು ನಕ್ಕುಬಿಟ್ಟರು. ಅಲ್ಲಿಗೇ ಮುಗಿಯಬಹುದಿತ್ತು ಎಂದು ಈಗಲೂ ಅನಿಸುತ್ತದೆ. ಆದರೆ ಸೊನ್ನೆ ಬಿದ್ದ ಉತ್ತರ ಪತ್ರಿಕೆಗಳು ಮೇಜಿನ ಮೇಲಿದ್ದವು. "ಡಿಪಾರ್ಟ್‌ಮೆಂಟಿನ ನೋಟ್ಸಿನಲ್ಲಿ ಇಲ್ಲದ್ದು ಬರೆಸಿ ಮಕ್ಕಳ ಮಾರ್ಕು ಹೋದದ್ದಕ್ಕೆ ಎಂತ ಹೇಳ್ತೀರಿ?"

"ನಾನು ಹೊಸತಾಗಿ ಹುಟ್ಟಿಸಿದ್ದಲ್ಲ ಸರ್. ನಮಗೆ ಸರ್ ಹೀಗೇ ಹೇಳಿಕೊಟ್ಟದ್ದು." ನೀನು ನನ್ನ ಕಡೆ ಕೈ ತೋರಿಸಿದೆ. ಭಯವಿರಲಿಲ್ಲ ನಿನಗೆ. ಸರ್ ಇದ್ದಾರಲ್ಲ.

ಸಂಚಾಲಕರು ನನ್ನತ್ತ ತಿರುಗಿದರು. "ಹೌದಾ?"

"ನನ್ನ ನೋಟ್ಸಿನಲ್ಲಿ ಹಾಗಿಲ್ಲ," ಎಂದೆ.

ಅದು ನಿಜ. ನೂರಾರು ನೋಟ್‌ಪುಸ್ತಕಗಳನ್ನು ತರಿಸಿ ನೋಡಿದರೂ ನಿಜವೇ. ಬರೆದಿಟ್ಟದ್ದೆಲ್ಲ ನನ್ನ ಕಡೆಗಿತ್ತು. ನಿನ್ನ ಕಡೆಗೆ ಇದ್ದದ್ದು ನಾನು ಹೇಳಿದ ಮಾತು ಮಾತ್ರ. ಹೊರಗೆ ಬಂದ ಮೇಲೆ, ಮೆಟ್ಟಿಲ ಹತ್ತಿರ, ನನ್ನನ್ನು ನೋಡದೆಯೇ ನೀನು ಹೇಳಿದೆ: "ಪೆನ್ನು ಕೆಳಗಿಟ್ಟದ್ದು ನಮ್ಮ ತಪ್ಪು ಸರ್."

ಜೂನಿನಲ್ಲಿ ನಾನು ಪ್ರಾಂಶುಪಾಲನಾದೆ. ನಿನ್ನ ಕಡತದಲ್ಲಿ ಒಂದು ಸಾಲು ಬರೆಯಲಾಯಿತು: 'ಪಠ್ಯದಲ್ಲಿಲ್ಲದ ತಪ್ಪು ವಿಷಯ ಬೋಧಿಸಿದ ಕಾರಣ ಮುಂದುವರಿಸಿಲ್ಲ.' ಬರೆಯಲಾಯಿತು — ಯಾರು ಬರೆದರು? ಗುಮಾಸ್ತ ಬರೆದ, ನಾನು ಸಹಿ ಹಾಕಿದೆ. ಬೇರೆ ಕಾಲೇಜಿನವರು ನಿನ್ನ ಬಗ್ಗೆ ವಿಚಾರಿಸಿದಾಗಲೆಲ್ಲ ಆ ಸಾಲು ಹೋಯಿತು, ನನ್ನ ಸಹಿಯೊಂದಿಗೆ. ಒಬ್ಬರೂ ನಿನ್ನನ್ನು ಕರೆಯಲಿಲ್ಲ.

ಕಳೆದ ವರ್ಷ ನಿವೃತ್ತನಾದೆ. ನನ್ನ ಗೌರವಾರ್ಥ ನನ್ನ ನೋಟ್ಸನ್ನು ಪುಸ್ತಕ ಮಾಡುತ್ತೇವೆ ಎಂದು ಕಾಲೇಜಿನವರು ಕರಡು ಕಳಿಸಿದರು. ಸುರತ್ಕಲ್ಲಿನ ಮನೆಯಲ್ಲಿ ಕೂತು ತಿದ್ದುತ್ತಿದ್ದಾಗ ಆ ಒಂದು ಅಂಕದ ಉತ್ತರ ಎದುರಾಯಿತು. ಹೊಡೆದುಹಾಕಿದೆ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದೆ, ಸಂಘಗಳು, ಜೈಲು, ಮಾಲಕರು ಎಲ್ಲ. ಕೊನೆಗೆ ಬೋಟಿನ ಮಾತನ್ನೂ ಸೇರಿಸಿದೆ. ಎಷ್ಟು ಹಗುರವಾಯಿತೆಂದರೆ, ಹೆಂಡತಿಯನ್ನು ಕರೆದು ಓದಿ ಹೇಳಿದೆ. "ಈ ಬೋಟಿನದ್ದು ಚಂದ ಉಂಟು. ನಿಮಗೆ ಹೊಳೆದದ್ದಾ?" ಎಂದು ಕೇಳಿದಳು.

ಹೌದು ಎಂದುಬಿಟ್ಟೆ.

ಮರುದಿನ ಕಂಕನಾಡಿಗೆ ಬಂದೆ. ಮಾರ್ಕೆಟ್ಟಿನ ಪಕ್ಕ, ಒಂದು ಔಷಧಿ ಅಂಗಡಿಯ ಮಾಳಿಗೆಯಲ್ಲಿ ನೀನು ಟ್ಯೂಶನ್ ಕೊಡುತ್ತೀ ಎಂದು ಕೇಳಿದ್ದೆ. ಬೆಳಿಗ್ಗೆ ದಕ್ಕೆಯ ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೆಲಸ, ಸಂಜೆ ಇದು. ನೀನು ಕುರ್ಚಿ ಕೊಟ್ಟೆ. ನಾನು ಕರಡು ತೋರಿಸಿದೆ, ತಿದ್ದಿದ್ದನ್ನು ತೋರಿಸಿದೆ, ಕ್ಷಮೆ ಎಂಬ ಶಬ್ದವನ್ನು ಎರಡು ಸಲ ಹೇಳಿದೆ. ನೀನು ನಿಂತುಕೊಂಡೇ ಓದಿದೆ.

"ಚಂದ ಬರೆದಿದ್ದೀರಿ ಸರ್. ಇನ್ನು ಸರಿ ಉತ್ತರವೂ ನಿಮ್ಮದೇ ಆಯ್ತಲ್ಲ."

"ನಿನ್ನ ಹೆಸರು ಹಾಕಿಸ್ತೇನೆ ವನಜಾ."

"ಪುಸ್ತಕದಲ್ಲಿ ಹೆಸರು ಯಾರಿಗೆ ಬೇಕು? ನನ್ನ ಫೈಲಿನಲ್ಲಿ ಉಂಟಲ್ಲ, ನಾನು ತಪ್ಪು ಕಲಿಸಿದ್ದು ಅಂತ. ನನಗೆ ಹೇಳಿ ಎಂತ ಪ್ರಯೋಜನ ಸರ್? ನೀವೇ ಕಲಿಸಿದ್ದು ಅಂತ ನನಗೆ ಗೊತ್ತುಂಟಲ್ಲ. ಅಂದು ಅಲ್ಲಿ ಇದ್ದವರಿಗೆ ಹೇಳಿ." ಮತ್ತೆ, ಬಾಗಿಲ ತನಕ ಬಂದು — "ಬರೆದು ಕೊಡಿ. ಬಾಯಲ್ಲಿ ಬೇಡ."

ಕರಡನ್ನು ವಾಪಸು ಕಳಿಸಿದೆ, ಪುಸ್ತಕ ಬೇಡ ಎಂದು. ಇಲ್ಲಿಯವರೆಗಿನ ಈ ಬರಹದ ಒಂದು ಪ್ರತಿಯನ್ನು, ನಿನ್ನ ಕಡತದ ಆ ಸಾಲನ್ನು ತೆಗೆಯಬೇಕೆಂಬ ಕಾಗದದೊಂದಿಗೆ, ನಿನ್ನೆ ಕಾಲೇಜಿನ ಕಚೇರಿಗೆ ಒಯ್ದೆ. ಗುಮಾಸ್ತ ಸದಾನಂದ ನನ್ನ ಕೈಕೆಳಗೆ ಕೆಲಸ ಮಾಡಿದವ, ಎದ್ದು ನಿಂತ.

"ಎಂತ ಸರ್, ರಿಟೈರ್ ಆದ ಮೇಲೆಯೂ ಕಾಗದವಾ? ಇದು ಮನವಿಯಾ, ದೂರಾ? ರಿಜಿಸ್ಟರಿನಲ್ಲಿ ಹಾಕ್ಲಿಕ್ಕುಂಟು."

"ದೂರು."

"ಯಾರ ಮೇಲೆ?"

"ನನ್ನ ಮೇಲೆ."

"ತಮಾಷೆ ಮಾಡ್ಬೇಡಿ ಸರ್. ಸಂಚಾಲಕರು ನೋಡ್ತಾರೆ ಇದನ್ನು."

"ನೋಡಲಿ ಅಂತಲೇ ತಂದದ್ದು ಸದಾನಂದ."

ಅವನು ಬಾಗಿಲ ಕಡೆ ಒಮ್ಮೆ ನೋಡಿ, ಬರೆದುಕೊಂಡು, ಮುದ್ರೆ ಒತ್ತಿದ. ಒಳಗಿನಿಂದ ಕರೆ ಬರಬಹುದೆಂದು ಸಂಜೆಯವರೆಗೂ ಬೆಂಚಿನ ಮೇಲೆ ಕೂತಿದ್ದೆ. ಬರಲಿಲ್ಲ. ಏಳು ವರ್ಷಗಳನ್ನು ಯಾವ ಕರೆಯೂ ಹಿಂದಕ್ಕೆ ಕೊಡುವುದಿಲ್ಲ, ಅದು ಗೊತ್ತು. ನಿನ್ನ ಕಡತದಲ್ಲಿ ಆ ಸಾಲು ಇವತ್ತೂ ಇದೆ, ಕೆಳಗೆ ನನ್ನ ಸಹಿ ಇದೆ. ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಮತ್ತೆ ಹೋಗುತ್ತೇನೆ. ಮಂಗಳವಾರವೂ.