ಅಕ್ಕನ ಭುಜಕ್ಕೆ ಹನ್ನೆರಡು ಗೇಜ್

ಟಕ್! ಜೋಡುನಳಿಗೆ ಕೋವಿಯನ್ನು ಮಡಚಿ ಮುಚ್ಚುವಾಗ ಬರುವ ಆ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. ನಾನು ಚಿಕ್ಕವಳಿದ್ದಾಗ, ಮಡಿಕೇರಿಯ ಕಾನ್ವೆಂಟ್ ಬಿಡಿಸಿ ಮಿಷಿಗನ್‌ನ ಸೌತ್‌ಫೀಲ್ಡ್‌ಗೆ ಕರೆತಂದ ಹೊಸದರಲ್ಲಿ, ಬೇಸ್‌ಮೆಂಟ್‌ನಿಂದ ಆ ಟಕ್ ಕೇಳಿಸಿದರೆ ಅಪ್ಪ ಒಳ್ಳೆಯ ಮೂಡ್‌ನಲ್ಲಿದ್ದಾರೆ ಅಂತ ಅರ್ಥ. ಕೊಡಗಿನವರು ನಾವು, ಕೋವಿಗೆ ಹೂವಿಟ್ಟು ಪೂಜೆ ಮಾಡುವ ಜನ. ಮಿಷಿಗನ್‌ಗೆ ಬಂದರೂ ಅಪ್ಪನಿಗೆ ಬೇಟೆ ಬೇಕು. ಬೇಟೆಗಿಂತ ಹೆಚ್ಚಾಗಿ ಜಂಬ ಬೇಕು.

ಅಕ್ಕನಿಗೆ ಆಗ ಹದಿನೈದು. ಸೀಸನ್ನಿನ ಮೊದಲ ಶನಿವಾರ ಅಪ್ಪನ ಜೊತೆ ಹೋಗಿ ಒಂದು ಫೆಸೆಂಟ್, ಅಂದರೆ ನಮ್ಮ ಕಾಡುಕೋಳಿಯ ನೆಂಟ ಅನ್ನಿ, ಅದನ್ನು ಹೊಡೆದು ಅಪ್ಪನಿಂದ ಶಭಾಷ್ ಅನ್ನಿಸಿಕೊಳ್ಳಬೇಕು. ಅವಳಿಗಿದ್ದದ್ದು ಅದೊಂದೇ ಆಸೆ.

ಕೋವಿ ಅಂಗಡಿಯಲ್ಲಿ ಎಣ್ಣೆ, ಚರ್ಮ, ಕಾದು ಕಾದು ಕಪ್ಪಾದ ಕಾಫಿಯ ವಾಸನೆ. ಮುದುಕ ಓನರ್ ಎರಡು ಕೋವಿ ಮುಂದಿಟ್ಟ. ಒಂದು ಹನ್ನೆರಡು ಗೇಜ್, ಇನ್ನೊಂದು ಇಪ್ಪತ್ತು. ಮಕ್ಕಳೇ, ಇಲ್ಲಿ ಲೆಕ್ಕ ಉಲ್ಟಾ: ನಂಬರ್ ದೊಡ್ಡದಾದಷ್ಟೂ ನಳಿಗೆ ಸಣ್ಣದು, ಗುಂಡು ಹಾರಿದಾಗ ಭುಜಕ್ಕೆ ಒದೆಯುವುದೂ ಕಮ್ಮಿ. ಅಕ್ಕ ಹನ್ನೆರಡನ್ನು ಎತ್ತಿದಾಗ ಅದರ ಮೂತಿ ನೆಲ ನೋಡಿತು. ಇಪ್ಪತ್ತು ಅವಳ ಭುಜಕ್ಕೆ ಬೆಕ್ಕಿನ ಮರಿಯ ಹಾಗೆ ಒರಗಿಕೊಂಡಿತು.

"ಅಪ್ಪಾ, ಇದೇ ಇರ್ಲಿ."

"ಇಪ್ಪತ್ತಾ? ಅದಕ್ಕೆ ಗುಬ್ಬಿನೂ ಬೀಳಲ್ಲ ಕಣೇ, ನಕ್ಕೊಂಡು ಹಾರಿಹೋಗುತ್ತೆ. ನಾಳೆ ಆಫೀಸಲ್ಲಿ ಹೇಗೆ ಮುಖ ತೋರಿಸ್ಲಿ?"

"ಲೆಟ್ ದ ಗರ್ಲ್ ಪಿಕ್, ಸರ್" ಅಂದ ಮುದುಕ. ಅಪ್ಪ ಹನ್ನೆರಡನ್ನೇ ಕಟ್ಟಿಸಿದರು. ಎಂಜಿನ್‌ಗಳನ್ನು ಮಿಲಿಮೀಟರ್ ಬಿಡದೆ ಅಳೆಯುವ ದೊಡ್ಡ ಎಂಜಿನಿಯರ್, ಮಗಳ ತೋಳನ್ನು ಒಂದು ಸಲ ಅಳೆದು ನೋಡಲಿಲ್ಲ!

ಶನಿವಾರ ಮೆಕ್ಕೆಜೋಳದ ಒಣದಂಟುಗಳ ನಡುವಿಂದ ಫೆಸೆಂಟ್ ಪಟಪಟ ಎದ್ದಿತು. ಢಂ! ಹಕ್ಕಿ ಹಾರಿಹೋಯಿತು, ಅಕ್ಕ ಕೆಸರಲ್ಲಿ ಕೂತುಬಿಟ್ಟಳು. ಅಪ್ಪ, ಅವರ ಆಫೀಸಿನ ಇಬ್ಬರು ಗೆಳೆಯರು ಹೊಟ್ಟೆ ಹಿಡಿದು ನಕ್ಕರು. ಮೂವರು ಗಂಡಸರು, ಆರು ನಳಿಗೆ, ಆ ದಿನವೆಲ್ಲ ಅವರಿಗೆ ಬಿದ್ದ ಹಕ್ಕಿ ಸೊನ್ನೆ. ಅದಕ್ಕೆ ಮಾತ್ರ ಯಾರೂ ನಗಲಿಲ್ಲ.

ಅಕ್ಕ ಎದ್ದು, ತೋಟಾ ತೆಗೆದು, ಕೋವಿಯನ್ನು ಅಪ್ಪನ ಕೈಗಿಟ್ಟಳು.

"ತಗೊಳ್ಳಿ. ನಿಮ್ಮ ಮರ್ಯಾದೆ ತುಂಬಾ ಭಾರ."

ಮನೆಯಲ್ಲಿ ಅಮ್ಮ ಅರಿಶಿನ ಹಚ್ಚುವಾಗ ನೋಡಿದೆ, ಅಕ್ಕನ ಭುಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮತ್ತೆ ಅವಳು ಬೇಟೆಗೆ ಹೋಗಲಿಲ್ಲ. ಅಪ್ಪ ಕರೆಯಲೂ ಇಲ್ಲ.

ಈಗ ನಾವಿರುವ ಲಿಸ್ಲ್ ಊರಿನಲ್ಲಿ ನನ್ನ ಮೊಮ್ಮಗಳು ಸ್ಕೂಲ್ ಟೀಮಿನಲ್ಲಿ ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುತ್ತಾಳೆ. ಕೋಚ್ ಅವಳ ತೋಳು ಅಳೆದು, ಒಂದು ಗುಂಡು ಹೊಡೆಸಿ, "ಡಸ್ ಇಟ್ ಹರ್ಟ್?" ಅಂತ ಕೇಳಿ, ಇಪ್ಪತ್ತು ಗೇಜ್ ಕೊಟ್ಟರು. ಮೂರೇ ಪದ! ಕೇಳೋದಕ್ಕೆ ಎಷ್ಟು ಹೊತ್ತು ಬೇಕಿತ್ತು, ನೀವೇ ಹೇಳಿ.

ಅಪ್ಪನನ್ನು ನಾನು ಕಡೆಯ ಸಲ ನೋಡಿದ್ದು ಸೌತ್‌ಫೀಲ್ಡ್ ಮನೆಯ ಹಾಸಿಗೆಯಲ್ಲಿ. ತಾವಾಗಿ ಎದ್ದು ಕೂರಲಾಗುತ್ತಿರಲಿಲ್ಲ. ಅಕ್ಕ ಭುಜ ಕೊಟ್ಟು ಒರಗಿಸಿಕೊಂಡು ಗಂಜಿ ಕುಡಿಸುತ್ತಿದ್ದಳು. ಹೊಸ ನರ್ಸ್ ಬಂದಾಗ ಅಪ್ಪ ಅಕ್ಕನತ್ತ ಬೆರಳು ತೋರಿಸಿ, "ದಿಸ್ ಒನ್? ಕುಡ್‌ಂಟ್ ಹ್ಯಾಂಡಲ್ ಎ ಟ್ವೆಲ್ವ್" ಅಂದು ನಕ್ಕರು. ಅಕ್ಕ ಅವರ ಗಲ್ಲ ಒರೆಸಿ, ಇನ್ನೊಂದು ಚಮಚ ತುಂಬಿದಳು.