ಮೂರನೇ ಹೊಳೆ ದಾಟಿದ ಡೈನೋಸಾರ್

ಮೂವತ್ತು ವರ್ಷದಿಂದ ದಾಟಲಾಗದಿದ್ದ ಹೊಳೆಯೊಂದನ್ನು ನಾನು ವಿಜಯನಗರದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತು ದಾಟಿದೆ. ಹೇಗೆ ಅಂತ ಊಹಿಸಿ ನೋಡೋಣ!

ಯೌವನದಲ್ಲಿ ನನ್ನ ಕಂಪ್ಯೂಟರಿನಲ್ಲಿ ಒಂದು ಆಟವಿತ್ತು. ಡೈನೋಸಾರ್ ಮರಿಯೊಂದು ಬಂಡೆಯಿಂದ ಬಂಡೆಗೆ ನೆಗೆದು ಕೆಂಡದ ಹೊಳೆಗಳನ್ನು ದಾಟಬೇಕು. ಆಟವೋ ಅರೆಬೆಂದದ್ದು. ಮರಿಯ ಬಾಲ ಗೋಡೆಗೆ ಸಿಕ್ಕಿಕೊಳ್ಳುತ್ತಿತ್ತು. ಮೂರನೇ ಹೊಳೆಯಲ್ಲಂತೂ ಕೀ ಎಷ್ಟು ಒತ್ತಿದರೂ ಸಮಯಕ್ಕೆ ಸರಿಯಾಗಿ ನೆಗೆಯುತ್ತಲೇ ಇರಲಿಲ್ಲ. ಇದನ್ನು ಯಾರಿಂದಲೂ ದಾಟಲಾಗದು, ತಪ್ಪು ಆಟದ್ದೇ ಎಂದು ಆಫೀಸಿನಲ್ಲೆಲ್ಲ ಸಾರಿದ್ದೆ.

ನಾನು ರಿಪೇರಿಗೆ ತಂದಿದ್ದ ಆ ಹಳೇ ಕಂಪ್ಯೂಟರಿಗೆ ಜೀವ ಬರಿಸಿದ ಅಂಗಡಿಯಾಕೆ, ತನ್ನ ಕೀಬೋರ್ಡ್ ಸಿಕ್ಕಿಸಿ ಅದೇ ಆಟ ಶುರು ಮಾಡಿದಳು. ಮೂರನೇ ಹೊಳೆಯನ್ನು ಸಲೀಸಾಗಿ ದಾಟಿಬಿಟ್ಟಳು!

"ಚೆನ್ನಾಗೇ ನೆಗೆಯುತ್ತಲ್ಲ ಅಂಕಲ್," ಎನ್ನುತ್ತ ನನ್ನ ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದಳು. ಅರಿಶಿನ, ಕುಂಕುಮ, ನಾಲ್ಕು ಅಕ್ಷತೆ ಕಾಳು ಉದುರಿದವು. "ಆಯುಧಪೂಜೆಗೆ ಇದಕ್ಕೂ ಕುಂಕುಮ ಹಾಕ್ತಿದ್ರಾ?"

"ಪ್ರತಿ ವರ್ಷ ಕಣಮ್ಮ! ಆ ಉದ್ದನೆಯ ಕೀಗೆ ಒಂದು ಚಿಟಿಕೆ ಜಾಸ್ತೀನೇ."

"ಅದೇ ನೆಗೆಯೋ ಕೀ, ಅಂಕಲ್!"

ಮೂವತ್ತು ವರ್ಷದ ತೀರ್ಪು ಹೀಗೆ ಮೇಜಿನ ಮೇಲೆ ಉದುರಿಬಿತ್ತು. ನಾನೂ ಒಂದು ಕೈ ನೋಡ್ತೀನಮ್ಮ ಅಂದೆ. ಐದು ಸಲ ಕೆಂಡಕ್ಕೆ ಬಿದ್ದೆ, ಆರನೇ ಸಲ ದಾಟಿದೆ. ಆಚೆ ದಡದಲ್ಲಿ ಬರೀ ನೀಲಿ ಪರದೆ. ಆಟ ತಯಾರಿಸಿದವರು ಅಲ್ಲಿಗೇ ಕೈಬಿಟ್ಟಿದ್ದರು.

"ಅಯ್ಯೋ, ಇಷ್ಟೇನಾ?" ಅಂದಳು.

"ಇಷ್ಟು ಸಾಕಮ್ಮ, ಗೆದ್ದೆನಲ್ಲ!"

ಬೇಕಾದರೆ ಪಂಚಾಂಗ ತೆಗೆದು ನೋಡಿಕೊಳ್ಳಿ, ಅವತ್ತು ವಿಜಯದಶಮಿ.